ಬಲಂ ಸೀಮೆಯ ದಂಗೆ ಮತ್ತು ಅದರ ಪರಾಭವ

ಅರಸೀಕೆರೆಯ ನಿಲ್ದಾಣದಲ್ಲಿ ರೈಲಿನಿಂದಿಳಿದು, ತೆಂಗಿನ ತೋಟಗಳ ನಡುವೆ ಹಾದು ಹಳೇಬೀಡಿಗೂ, ಅಲ್ಲಿಂದ ಯಗಚಿಯ ದಡದ ಬೇಲೂರಿಗೂ ಬರುವ ಯಾತ್ರಿಕನಿಗೆ ಈ ಪ್ರಾಂತದ ಚರಿತ್ರೆಯೆಂದು ನಾವು ಹೇಳಿಕೊಡುವುದು ಇಷ್ಟೇ: ವಿಷ್ಣುವರ್ಧನನು ತಲಕಾಡನ್ನು ಗೆದ್ದನು, 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು, 1311ರಲ್ಲಿ ಮಲಿಕ್ ಕಾಫರನ ಸೈನ್ಯ ದ್ವಾರಸಮುದ್ರದ ಮೇಲೆ ಬಿದ್ದಿತು, ಅಲ್ಲಿಗೆ ಕಥೆ ಮುಗಿಯಿತು. ಹೊಯ್ಸಳರ ನಂತರದ ಐದು ಶತಮಾನಗಳ ಕಾಲ ಈ ನೆಲದಲ್ಲಿ ಮನುಷ್ಯರು ಬಾಳಲಿಲ್ಲವೋ, ಆಳಲಿಲ್ಲವೋ, ತಮ್ಮ ಹಕ್ಕಿಗಾಗಿ ಹೋರಾಡಲಿಲ್ಲವೋ ಎಂಬಂತೆ ನಮ್ಮ ಕೈಪಿಡಿಗಳೂ ಪಾಠಪುಸ್ತಕಗಳೂ ಮೌನವಾಗಿವೆ. ಆದರೆ ಬೇಲೂರನ್ನು ಮೂಲಸ್ಥಾನವಾಗಿ ಪಡೆದು, ಕ್ರಮೇಣ ಪಶ್ಚಿಮದ ಕಾಡುಗಳತ್ತ ಸರಿದು ಐಗೂರಿನಲ್ಲಿ ನೆಲೆಗೊಂಡ ಒಂದು ನಾಯಕ ಮನೆತನವು ಸುಮಾರು ಮುನ್ನೂರು ವರ್ಷಗಳ ಕಾಲ ಈ ಸೀಮೆಯಲ್ಲಿ ಅಧಿಕಾರ ನಡೆಸಿತೆಂಬುದೂ, ಅದರ ಕೊನೆಯ ದೊರೆಯು 1800ರಿಂದ 1802ರವರೆಗೆ ಆಗತಾನೆ ಪುನಃಸ್ಥಾಪಿತವಾಗಿದ್ದ ಮೈಸೂರು ಸಂಸ್ಥಾನವನ್ನೂ ಅದರ ಬೆನ್ನಿಗಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನೂ ಎದುರಿಸಿ ನಿಂತು ಕಡೆಗೆ ನೇಣುಗಂಬವನ್ನೇರಿದನೆಂಬುದೂ ಚರಿತ್ರೆಯ ನಿಶ್ಚಿತ ಸಂಗತಿಗಳು. ಆ ದಂಗೆಯು ಏಕೆ ಹುಟ್ಟಿತು, ಏಕೆ ಸೋತಿತು ಎಂಬ ವಿಚಾರವನ್ನು ನಾವು ಇಂದಾದರೂ ಶಾಂತಚಿತ್ತದಿಂದ ಪರಿಶೀಲಿಸಬೇಕೆಂಬುದು ನನ್ನ ಅಭಿಪ್ರಾಯ.

ಈ ಮನೆತನದ ಉಗಮವು ವಿಜಯನಗರದ ಆಸ್ಥಾನದಲ್ಲಿ. ಅರಸನಿಗೆ ತಾಂಬೂಲದ ಚೀಲ ಹಿಡಿಯುವ ಹಡಪದ ಸೇವೆಯೆಂಬುದು ಆ ಕಾಲದಲ್ಲಿ ಸಾಮಾನ್ಯ ಊಳಿಗವಾಗಿರಲಿಲ್ಲ. ಅರಸನ ಪಕ್ಕದಲ್ಲಿ ಸದಾ ನಿಲ್ಲುವವನು ಅರಸನ ವಿಶ್ವಾಸಕ್ಕೆ ಪಾತ್ರನಾದವನೇ ಆಗಿರಬೇಕಷ್ಟೆ. ಅಂಥ ಹಡಪದ ಬೈಯಪ್ಪ ನಾಯಕನ ಮಗನಾದ ಎರ್ರ ಕೃಷ್ಣಪ್ಪ ನಾಯಕನಿಗೆ ಬೇಲೂರು ಸೀಮೆಯು ಅಮರನಾಯಕತನವಾಗಿ ದೊರೆಯಿತು. ಅವನ ವಂಶದವರ ಶಾಸನಗಳು ಹಾಸನ ಜಿಲ್ಲೆಯಲ್ಲಿ ಹಲವೆಡೆ ಇವೆ. ವಿಜಯನಗರವು ಕುಗ್ಗಿದ ಮೇಲೆ ಕೆಳದಿಯ ಶಿವಪ್ಪ ನಾಯಕನು ಈ ಸೀಮೆಯ ಮೇಲೆ ಕೈ ಚಾಚಿದನು; ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಂದು ಕಡೆಯಿಂದ ಕೆಳದಿಯ ರಾಣಿ ಚೆನ್ನಮ್ಮಾಜಿಯೂ ಇನ್ನೊಂದು ಕಡೆಯಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರೂ ಹಾಸನ, ಬೇಲೂರು, ಬಾಣಾವರಗಳಿಗಾಗಿ ಸೆಣಸಿದರು. ಆ ಸೆಣಸಾಟವು ಸಂಧಿಯಲ್ಲಿ ಮುಗಿದಾಗ ಬಯಲಿನ ಭಾಗವೆಲ್ಲವೂ ಮೈಸೂರಿನ ಪಾಲಾಗಿ, ಬಲಂ ಸೀಮೆಯೆನಿಸಿದ ಮಲೆಯ ಆರು ನಾಡುಗಳ ಮೇಲಣ ಹಕ್ಕು ಮಾತ್ರ ಹಳೆಯ ನಾಯಕರ ಮನೆತನಕ್ಕೆ ಉಳಿಯಿತು. ಅರಸೀಕೆರೆಯ ಕಡೆಯಲ್ಲಾದರೋ ಜೇನುಕಲ್ಲು ದುರ್ಗದ ಪಾಳೆಯಗಾರರ ವಂಶವೂ, ಅದರ ನಂತರ ತರೀಕೆರೆಯವರ ಆಳ್ವಿಕೆಯೂ ಅಷ್ಟರಲ್ಲೇ ಅಳಿದುಹೋಗಿದ್ದುವು. ಕುದುರೆಯ ದಂಡು ನಿರಾಯಾಸವಾಗಿ ಓಡಾಡಬಲ್ಲ ಬಯಲುಸೀಮೆಯಲ್ಲಿ ಸ್ವತಂತ್ರ ಪಾಳೆಯಪಟ್ಟು ಬಹುಕಾಲ ಬಾಳುವಂತಿರಲಿಲ್ಲ. ಮಳೆಯೂ ಮರಗಳೂ ಕಣಿವೆಗಳೂ ಕಾವಲಿದ್ದ ಬಲಂ ಸೀಮೆಯಲ್ಲಿ ಮಾತ್ರ ಅದು ಉಳಿದುಕೊಂಡಿತು. ಮುಂದಿನ ದಂಗೆಯ ಬಲಕ್ಕೂ ದೌರ್ಬಲ್ಯಕ್ಕೂ ಈ ಭೂಗೋಳವೇ ಆಧಾರವಾದುದನ್ನು ಓದುಗರು ನೆನಪಿನಲ್ಲಿಡಬೇಕು.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಈ ನಾಯಕರ ಸ್ಥಿತಿಯು ಅತ್ತ ಸ್ವಾತಂತ್ರ್ಯವೂ ಅಲ್ಲ, ಇತ್ತ ದಾಸ್ಯವೂ ಅಲ್ಲ ಎಂಬಂತಿದ್ದಿತು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಗಳನ್ನು ಕಾಯುವುದಕ್ಕಾಗಿ ಟಿಪ್ಪುವು ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯೊಂದನ್ನು ಫ್ರೆಂಚರ ಪದ್ಧತಿಯಂತೆ ಕಟ್ಟಿಸಿದನು. 1792ರ ವೇಳೆಗೆ ಮುಗಿದ ಆ ಕೋಟೆಗೆ ಮಂಜರಾಬಾದ್ ಎಂದು ಹೆಸರಾಯಿತು, ಕ್ರಮೇಣ ಸೀಮೆಗೂ ಅದೇ ಹೆಸರು ನಿಂತಿತು. ಇಂದು ಆ ಕೋಟೆಯ ಗೋಡೆಯ ಮೇಲೆ ನಿಂತವನಿಗೆ ನಾಲ್ಕು ದಿಕ್ಕಿಗೂ ಕಾಡು, ಕಣಿವೆ, ಮಂಜು. ಅಂಥ ನಾಡನ್ನು ಒಂದು ಕೋಟೆಯಿಂದ ಕಾಯಬಹುದಾಗಿದ್ದರೂ ಆಳುವುದು ದುಸ್ಸಾಧ್ಯವೆಂಬುದು ಅಲ್ಲಿ ನಿಂತ ಯಾರಿಗೂ ಹೊಳೆಯದಿರದು. ಅದೇ 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಬಲಂ ಸೀಮೆಯ ಕೃಷ್ಣಪ್ಪ ನಾಯಕನು ಮರಾಠರ ಪರಶುರಾಮ ಭಾವೂನ ಪಕ್ಷವನ್ನು ಸೇರಿದನು. ಶಾಂತಿಸಂಧಾನವಾದ ಬಳಿಕ ಟಿಪ್ಪುವಿನ ಕೋಪಕ್ಕೆ ಅಂಜಿ ಕೊಡಗಿಗೆ ಹೋದನು. ಟಿಪ್ಪುವು ದ್ವೇಷವನ್ನು ಮುಂದುವರಿಸದೆ ಅವನನ್ನು ಕರೆಯಿಸಿಕೊಂಡು ಐಗೂರು ಸೀಮೆಯನ್ನು ಕೊಟ್ಟು, ಉಳಿದ ಮಂಜರಾಬಾದನ್ನು ತನ್ನ ಫೌಜುದಾರನ ವಶದಲ್ಲಿಟ್ಟನು. ಅಂದರೆ, ಅರ್ಧ ಪಿತ್ರಾರ್ಜಿತವನ್ನು ಕೈಯಲ್ಲಿ ಹಿಡಿದು, ಇನ್ನರ್ಧವನ್ನು ಕಣ್ಣೆದುರಿಗೇ ಪರರ ಕೈಯಲ್ಲಿ ನೋಡುತ್ತ ಬಾಳುವ ಸ್ಥಿತಿ ಆ ಮನೆತನದ್ದಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು, ಬ್ಯಾರಿ ಕ್ಲೋಸ್ ರೆಸಿಡೆಂಟನಾದನು, ಗವರ್ನರ್ ಜನರಲನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯು, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನನನ್ನು ಗೆದ್ದು ಲೋಕವಿಖ್ಯಾತನಾದವನು, ಸೈನ್ಯಾಧಿಪತಿಯಾಗಿ ಶ್ರೀರಂಗಪಟ್ಟಣದಲ್ಲಿ ಕುಳಿತನು. ಬಾಲಕನಾದ ಅರಸನ ಹಿಂದೆ ರಾಜಮಾತೆಯಾಗಿ ಇದ್ದವರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಹೈದರನು ಅಧಿಕಾರವನ್ನು ಕಸಿದುಕೊಂಡಂದಿನಿಂದ ಎದೆಗುಂದದೆ, ಸೆರೆಯಂಥ ಅರಮನೆಯೊಳಗಿನಿಂದಲೇ ದೂತರನ್ನು ಕಳಿಸಿ, 1782ರಲ್ಲಿ ಇಂಗ್ಲಿಷರೊಡನೆ ಒಪ್ಪಂದವನ್ನೂ ಮಾಡಿಕೊಂಡು, ತಮ್ಮ ಮನೆತನದ ಹಕ್ಕನ್ನು ಮರಳಿ ಪಡೆದ ಆ ಮಹಾತಾಯಿಯ ಧೃತಿಯನ್ನು ಮೆಚ್ಚದವರು ಯಾರು?

ದಂಗೆಯ ಮೂಲವು ಇಲ್ಲಿಯೇ ಇದೆಯೆಂದು ನಾನು ಭಾವಿಸುತ್ತೇನೆ. ಒಡೆಯರ ಪುನಃಸ್ಥಾಪನೆಗೆ ಕಂಪನಿಯು ಕೊಟ್ಟ ನ್ಯಾಯವು ಯಾವುದು? ಬಲಾತ್ಕಾರದಿಂದ ಪದಚ್ಯುತವಾದ ಪ್ರಾಚೀನ ರಾಜವಂಶಕ್ಕೆ ಅದರ ರಾಜ್ಯವನ್ನು ಹಿಂದಿರುಗಿಸಬೇಕೆಂಬ ನ್ಯಾಯ. ಈ ನ್ಯಾಯವು ಮೈಸೂರಿಗೆ ಸಲ್ಲುವುದಾದರೆ ಬಲಂ ಸೀಮೆಗೆ ಏಕೆ ಸಲ್ಲಬಾರದು, ಚಿತ್ರದುರ್ಗಕ್ಕೆ ಏಕೆ ಸಲ್ಲಬಾರದು, ಕೆಳದಿಗೆ ಏಕೆ ಸಲ್ಲಬಾರದು ಎಂಬ ಪ್ರಶ್ನೆಯು ನಾಡಿನ ಹತ್ತಾರು ಪಾಳೆಯಗಾರರ ಮನಸ್ಸಿನಲ್ಲಿ ಎದ್ದುದು ಸ್ವಾಭಾವಿಕವೇ. ಬಲಂ ನಾಯಕನಿಗಂತೂ ಇನ್ನೊಂದು ಮಾತು ಹೆಚ್ಚಿಗೆ ಇದ್ದಿತು: 1792ರಲ್ಲಿ ಟಿಪ್ಪುವಿನ ಶತ್ರುಗಳ ಪಕ್ಷದಲ್ಲಿ ನಿಂತವರು ತಾವು, ಈಗ ಗೆಲುವಿನ ಫಲವು ಮಾತ್ರ ಅನ್ಯರಿಗೆ. ಪೂರ್ಣಯ್ಯನವರ ನೀತಿಯಾದರೋ ಸ್ಪಷ್ಟವಾಗಿದ್ದಿತು. ಪಾಳೆಯಗಾರರಿಗೆ ಜೀವನಾಂಶವುಂಟು, ರಾಜಧಾನಿಯಲ್ಲಿ ಮರ್ಯಾದೆಯ ವಾಸವುಂಟು; ಆದರೆ ಅಧಿಕಾರವಿಲ್ಲ, ಕೋಟೆಯಿಲ್ಲ, ಸ್ವಂತ ದಂಡಿಲ್ಲ. ಕಂಪನಿಗೆ ವರ್ಷಂಪ್ರತಿ ಏಳು ಲಕ್ಷ ವರಹಗಳ ಪೊಗದಿಯನ್ನು ತಪ್ಪದೆ ಸಲ್ಲಿಸಬೇಕಾಗಿದ್ದ ಸಂಸ್ಥಾನವು ಅಮಲ್ದಾರರ ಮೂಲಕ ಕಂದಾಯವನ್ನು ನೇರವಾಗಿ ಎತ್ತದೆ ಬೇರೆ ಗತಿಯೂ ಇರಲಿಲ್ಲ. ದಿವಾನರನ್ನು ಇದಕ್ಕಾಗಿ ನಾನು ದೂಷಿಸಲಾರೆ. ಒಡೆದುಹೋದ ನಾಡನ್ನು ಒಂದು ಆಡಳಿತಕ್ಕೆ ತರುವುದು ಅವರ ಧರ್ಮವಾಗಿದ್ದಿತು. ಹಾಗೆಯೇ, ತಾತಮುತ್ತಾತಂದಿರು ಆಳಿದ ನೆಲವನ್ನು ಜೀವನಾಂಶಕ್ಕೆ ಮಾರಲಾರೆನೆಂದ ನಾಯಕನನ್ನೂ ನಾನು ದೂಷಿಸಲಾರೆ. ಎರಡು ನ್ಯಾಯಗಳು ಎದುರುಬದುರಾಗಿ ನಿಂತಾಗ ಹುಟ್ಟುವ ಕಲಹವು ಎಲ್ಲಕ್ಕಿಂತ ದಾರುಣವಾದುದು.

ಇಂಥ ಕಲಹಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿಯೇ ನಿದರ್ಶನವುಂಟು. ಟ್ಯೂಡರ್ ವಂಶದ ಎಲಿಜಬೆತ್ ರಾಣಿಯ ವಿರುದ್ಧ 1569ರ ನವೆಂಬರಿನಲ್ಲಿ ಉತ್ತರ ಪ್ರಾಂತದ ಇಬ್ಬರು ಸಾಮಂತರು, ನಾರ್ಥಂಬರ್ಲೆಂಡಿನ ಪರ್ಸಿಯೂ ವೆಸ್ಟ್‌ಮೋರ್ಲೆಂಡಿನ ನೆವಿಲ್ಲನೂ, ದಂಗೆಯೆದ್ದರು. ಸ್ಕಾಟ್‌ಲೆಂಡಿನ ಗಡಿಯನ್ನು ತಲೆತಲಾಂತರದಿಂದ ಕಾಯ್ದುಕೊಂಡು ಬಂದಿದ್ದ ಆ ಮನೆತನಗಳ ಅಧಿಕಾರವನ್ನು ರಾಣಿಯ ಮಂತ್ರಿಯಾದ ಸೆಸಿಲನೂ ಅವನಂಥ ಹೊಸಬರೂ ಮೆಲ್ಲಮೆಲ್ಲನೆ ಕತ್ತರಿಸುತ್ತಿದ್ದರು. ಅದರ ಜೊತೆಗೆ ಹಳೆಯ ಕ್ಯಾಥೊಲಿಕ್ ಮತದ ಮೇಲಣ ನಿಷ್ಠೆ, ಸೆರೆಯಲ್ಲಿದ್ದ ಸ್ಕಾಟ್ ರಾಣಿ ಮೇರಿಯನ್ನು ಬಿಡಿಸುವ ಆಸೆ. ಡರ್ಹಮ್ ನಗರದ ದೊಡ್ಡ ಇಗರ್ಜಿಗೆ ನುಗ್ಗಿ ಹಳೆಯ ಪದ್ಧತಿಯ ಪೂಜೆಯನ್ನು ನಡೆಸಿದುದೇ ಅವರ ಪರಮಾವಧಿಯ ಜಯ. ಮೇರಿಯನ್ನು ಅಷ್ಟರಲ್ಲೇ ದಕ್ಷಿಣಕ್ಕೆ ಸಾಗಿಸಲಾಗಿದ್ದಿತು. ದಕ್ಷಿಣದ ಕ್ಯಾಥೊಲಿಕ್ ಸರದಾರರು ಮಿಸುಕಲಿಲ್ಲ. ಡಿಸೆಂಬರ್ ಮುಗಿಯುವಷ್ಟರಲ್ಲಿ ನಾಯಕರಿಬ್ಬರೂ ಸ್ಕಾಟ್‌ಲೆಂಡಿಗೆ ಓಡಿದರು. ಮುಂದಾಳುಗಳು ಪಲಾಯನ ಮಾಡಿದ ಮೇಲೆ ಅವರನ್ನು ನಂಬಿ ಬಂದಿದ್ದ ಸಾಮಾನ್ಯ ಒಕ್ಕಲು ಮಕ್ಕಳು ನೂರಾರು ಮಂದಿ ಊರೂರಿನಲ್ಲಿ ಗಲ್ಲಿಗೇರಿದರು. ಪರ್ಸಿಯ ಶಿರಚ್ಛೇದವಾದುದು 1572ರಲ್ಲಿ. ಅಂಚಿನ ನಾಡು, ಹಳೆಯ ಮನೆತನ, ಕೇಂದ್ರದಲ್ಲಿ ಹೊಸ ಆಡಳಿತ, ನೆರೆಯವರ ನಿಷ್ಕ್ರಿಯತೆ: ಬಲಂ ಸೀಮೆಯ ವೃತ್ತಾಂತದಲ್ಲಿಯೂ ಇವೇ ಅಂಶಗಳು. ಒಂದು ಭೇದವುಂಟು. ಬಲಂ ನಾಯಕನು ತನ್ನವರನ್ನು ಬಿಟ್ಟು ದೇಶಾಂತರ ಹೋಗಲಿಲ್ಲ.

ಈತನ ಹೆಸರನ್ನು ಮೈಸೂರಿನ ಗ್ಯಾಸೆಟಿಯರು ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿಯೆಂದು ಹೇಳುತ್ತದೆ. ಅವನ ಮೇಲೆ ದಂಡೆತ್ತಿ ಬಂದ ವೆಲ್ಲೆಸ್ಲಿಯ ಪತ್ರಗಳಲ್ಲಿ ಅವನೇ ಕೃಷ್ಣಪ್ಪ ನಾಯಕ, ‘ಬುಲ್ಲಂ’ ರಾಜ. ಹೆಸರೇ ಎರಡು ಬಗೆಯಾಗಿ ಉಳಿಯುವಷ್ಟು ಅನಾದರವು ಅವನ ಪಾಲಿಗೆ ಬಂದಿತು. ಶ್ರೀರಂಗಪಟ್ಟಣದ ಪತನವಾದೊಡನೆಯೇ ಅವನು ಸ್ವತಂತ್ರನಂತೆ ವರ್ತಿಸತೊಡಗಿ, ಬಿಸಿಲೆ ಘಟ್ಟದ ಮೇಲೆ ಸುಬ್ರಹ್ಮಣ್ಯಕ್ಕೂ ಅಲ್ಲಿಂದ ಮಂಗಳೂರಿಗೂ ಹೋಗುವ ದಾರಿಯನ್ನು ತಡೆದನು. ಕಂಪನಿಯ ಕಣ್ಣು ಕೆಂಪಾದುದು ಬಹುಶಃ ಆ ದಾರಿಗಾಗಿಯೇ. ಶ್ರೀರಂಗಪಟ್ಟಣದ ದಂಡಿಗೂ ಕನ್ನಡ ಜಿಲ್ಲೆಯ ಕರಾವಳಿಗೂ ನಡುವಣ ಸಂಪರ್ಕವು ತುಂಡಾಗುವುದನ್ನು ಯಾವ ಸೇನಾಪತಿಯೂ ಸಹಿಸಲಾರನು. 1800ರ ಏಪ್ರಿಲಿನಲ್ಲಿ ಕಂಪನಿಯ ತುಕಡಿಯು ನಾಯಕನ ನೆಲೆಯಾದ ಅರೆಕೆರೆಯ ಮೇಲೆ ಬಿದ್ದು ಮೊದಲು ಹಿಮ್ಮೆಟ್ಟಿತು; ಕರ್ನಲ್ ಮಾಂಟ್ರೆಸರನು ಹೆಚ್ಚಿನ ಬಲದೊಡನೆ ಬಂದ ಮೇಲೆ, ತಿಂಗಳ ಕೊನೆಗೆ, ಬಹಳ ಸಾವುನೋವುಗಳನ್ನುಂಡು ಅದನ್ನು ಹಿಡಿಯಿತು. ಅರೆಕೆರೆಯು ಕಲ್ಲುಕೋಟೆಯಲ್ಲ. ದಟ್ಟವಾದ ಕಾಡಿನೊಳಗೆ ಕಡಿದುರುಳಿಸಿದ ಮರಗಳ ಅಡ್ಡಗಟ್ಟೆ, ಅದರ ಹಿಂದೆ ಕಂದಕ, ಕಂದಕದ ಹಿಂದೆ ಬಿದಿರುಮೆಳೆಯ ಬೇಲಿ, ಮತ್ತೆ ಅಡ್ಡಗಟ್ಟೆ. ಹತ್ತು ಮಾರು ದೂರದಿಂದ ಗುಂಡು ಹಾರಿಸುವವನು ಕಾಣಿಸದಂಥ ಆ ಹಸುರುಗತ್ತಲೆಯಲ್ಲಿ ಸಾಲುಗಟ್ಟಿ ನಡೆಯುವ ಸಿಪಾಯಿಗಳ ಕವಾಯತು ಏನೂ ಪ್ರಯೋಜನಕ್ಕೆ ಬರುವಂತಿರಲಿಲ್ಲ.

ಆದರೂ ಹಿಡಿದ ನೆಲೆಯನ್ನು ಕಂಪನಿಯು ಉಳಿಸಿಕೊಳ್ಳಲಿಲ್ಲ. ಉತ್ತರದಲ್ಲಿ ದಂಗೆಕೋರ ಧೋಂಡಿಯ ವಾಘನು ಎದ್ದು ಸಹಸ್ರಾರು ಕುದುರೆ ಸವಾರರನ್ನು ಕೂಡಿಸಿದ್ದುದರಿಂದ ಸೈನ್ಯವೆಲ್ಲವೂ ಆ ಕಡೆಗೆ ಹೋಗಬೇಕಾಯಿತು. ಮಳೆಗಾಲವೂ ಬಂದಿತು. ನಾಯಕನು ಅರೆಕೆರೆಯನ್ನು ಮತ್ತೆ ವಶಪಡಿಸಿಕೊಂಡು ಮೊದಲಿಗಿಂತ ಭದ್ರಮಾಡಿದನು. 1800ರ ಸೆಪ್ಟೆಂಬರ್ 10ರಂದು ಧೋಂಡಿಯನು ರಣರಂಗದಲ್ಲಿ ಮಡಿದ ಬಳಿಕವೂ ಒಂದು ವರ್ಷಕ್ಕೆ ಮೀರಿ ಬಲಂ ಸೀಮೆಯು ನಾಯಕನ ಕೈಯಲ್ಲೇ ಇದ್ದಿತು. ಅಂತೂ 1802ರ ಜನವರಿಯಲ್ಲಿ, ಹುಲ್ಲು ಒಣಗಿ ಹಳ್ಳಗಳು ಇಳಿದ ಋತುವನ್ನು ಕಾದು, ವೆಲ್ಲೆಸ್ಲಿಯು ಸ್ವತಃ ಬಂದನು. ಜನವರಿ 16ರಂದು ಮೂರು ದಿಕ್ಕುಗಳಿಂದ ಏಕಕಾಲದಲ್ಲಿ ಅರೆಕೆರೆಯ ಮೇಲೆ ದಾಳಿಯಾಯಿತು. ಪೂರ್ಣಯ್ಯನವರ ಮೈಸೂರು ಸವಾರರು ಕಾಡಿನ ಹೊರ ಅಂಚಿನಲ್ಲಿ ದಾರಿಗಳನ್ನು ಕಟ್ಟಿ ನಿಂತರು. ನೆಲೆಯು ಬಿದ್ದಿತು, ನಾಯಕನು ತಪ್ಪಿಸಿಕೊಂಡನು. ಮೂರು ವಾರಗಳ ಕಾಲ ಕಾಡು ಅವನನ್ನು ಕಾಪಾಡಿತು. ಫೆಬ್ರವರಿ 9ರಂದು ಅವನು ಮೈಸೂರು ಸವಾರರ ಕೈಗೆ ಸಿಕ್ಕಿದನು. ಮರುದಿನವೇ ಅವನನ್ನು ನೇಣುಹಾಕಿದರು. ಆನಂತರ ಹಳ್ಳಿಗಳ ಬೇಲಿಗಳನ್ನೂ ಕಂದಕಗಳನ್ನೂ ಕೆಡವಿಸಿ, ಜನರ ಆಯುಧಗಳನ್ನು ಕಿತ್ತುಕೊಂಡು, ಕಾಡನ್ನು ಸೀಳಿ ದಾರಿಗಳನ್ನು ಮಾಡಿಸಲಾಯಿತು. ಹಿಡಿದ ಮರುದಿನವೇ ಗಲ್ಲಿಗೇರಿಸಿದ ಆ ತ್ವರೆಯನ್ನು ನಾನು ನ್ಯಾಯವೆಂದು ಕರೆಯಲಾರೆ. ರಾಣಿ ಎಲಿಜಬೆತ್ ಕೂಡ ಪರ್ಸಿಯನ್ನು ಕೊಲ್ಲಿಸುವ ಮೊದಲು ತಿಂಗಳುಗಟ್ಟಲೆ ಯೋಚಿಸಿದ್ದಳು.

ಪರಾಭವದ ಕಾರಣವನ್ನು ಕೇವಲ ಫಿರಂಗಿ, ಕವಾಯತುಗಳಲ್ಲಿ ಹುಡುಕುವುದು ಸಾಲದು. ನಾಯಕನಿಗೆ ಮಳೆಗಾಲದಷ್ಟು ಸ್ನೇಹಿತರು ಬೇರೆ ಯಾರೂ ಇರಲಿಲ್ಲವೆಂಬುದೇ ಮುಖ್ಯ. ದಕ್ಷಿಣದ ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರನು ಕಂಪನಿಯ ಮಿತ್ರ. ಪಶ್ಚಿಮದ ಕರಾವಳಿಯು ನೇರವಾಗಿ ಕಂಪನಿಯ ಆಡಳಿತಕ್ಕೆ ಸೇರಿದ್ದಿತು. ಪೂರ್ವದ ಬೇಲೂರು, ಹಳೇಬೀಡು, ಅರಸೀಕೆರೆಗಳ ಬಯಲಿನಲ್ಲಿ ಅಮಲ್ದಾರರ ಕಂದಾಚಾರವು ನೆಲೆಯೂರಿದ್ದಿತು. ಉತ್ತರದ ಧೋಂಡಿಯನು ಬದುಕಿದ್ದಾಗ ಅವನ ಕದನಕ್ಕೂ ನಾಯಕನ ಕದನಕ್ಕೂ ಏಕಸೂತ್ರವಿರಲಿಲ್ಲ. ಮನೆತನದ ಹಕ್ಕನ್ನೇ ಧ್ವಜವಾಗಿ ಎತ್ತಿ ಹಿಡಿದ ದಂಗೆಯು ನೆರೆಯ ಮನೆತನಗಳನ್ನು ಕರೆಯುವುದಾದರೂ ಹೇಗೆ? ಕೆಳದಿ, ಕೊಡಗು, ತರೀಕೆರೆ, ಬಲಂಗಳ ಹಕ್ಕುಗಳು ಒಂದನ್ನೊಂದು ಕೊರೆದು ಬೆಳೆದಂಥವು. ಒಬ್ಬನ ನ್ಯಾಯ ಗೆದ್ದರೆ ಇನ್ನೊಬ್ಬನ ಗಡಿ ಸರಿಯಬೇಕು. ಯುದ್ಧತಂತ್ರದಲ್ಲಿಯೂ ಒಂದು ದೋಷವಿದ್ದಿತು: ಚಲಿಸಿ ಹೋರಾಡಬೇಕಾದ ಕಾಡಿನಲ್ಲಿ ನಾಯಕನು ಒಂದೇ ನೆಲೆಯನ್ನು ಸರ್ವಸ್ವವೆಂದು ನಂಬಿದನು. ಅರೆಕೆರೆಯು ಹೋದೊಡನೆ ಅವನು ದೊರೆಯಾಗಿ ಉಳಿಯದೆ ಬರಿಯ ಪಲಾಯಿತನಾದನು.

ಇಪ್ಪತ್ತೆಂಟು ವರ್ಷಗಳ ಬಳಿಕ ನಡೆದ ನಗರ (ಬಿದನೂರು) ಸೀಮೆಯ ದಂಗೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಇನ್ನೂ ವಿಶದವಾಗುತ್ತದೆ. 1830ರ ಆಗಸ್ಟಿನಲ್ಲಿ ರೈತರು ಕೂಟ ಕಟ್ಟಿದಾಗ ಅವರ ಕಾರಣವು ಯಾವ ದೊರೆಯ ಕಿರೀಟವೂ ಆಗಿರಲಿಲ್ಲ. ಹಿಂದೆ ಮಾಫಿಯಾಗಿದ್ದ ಕಂದಾಯದ ಬಾಕಿಯನ್ನು ಹೊಸ ಫೌಜುದಾರನು ಮತ್ತೆ ಕೆದಕಿದನು; ಶರತ್ತಿನ ಪದ್ಧತಿಯಲ್ಲಿ ಇಷ್ಟು ಹಣ ತಂದೇ ತೀರುವೆನೆಂದು ಬರೆದುಕೊಟ್ಟ ಅಮಲ್ದಾರನು ಅದನ್ನು ರೈತನ ಬೆನ್ನಿನಿಂದ ಸುಲಿಯದೆ ವಿಧಿಯಿರಲಿಲ್ಲ; ಧಾನ್ಯದ ಬೆಲೆಗಳೋ ಕುಸಿದಿದ್ದುವು. ಇಷ್ಟು ನ್ಯಾಯವಾದ ಕಾರಣವಿದ್ದರೂ ಆ ರೈತರು ತಮ್ಮ ಹೋರಾಟವನ್ನು ಸಾದರ ಮಲ್ಲನೆಂಬ ಮೂಲನಾಮವುಳ್ಳ ಬೂದಿ ಬಸಪ್ಪನೊಬ್ಬನ ಕೈಗೆ ಒಪ್ಪಿಸಿದರು. 1763ರಲ್ಲಿಯೇ ಅಳಿದುಹೋಗಿದ್ದ ಕೆಳದಿ ವಂಶದ ವಾರಸುದಾರನು ತಾನೆಂದು, ಹಳೆಯ ಮುದ್ರೆಗಳನ್ನು ತೋರಿಸಿ ಅವನು ನಂಬಿಸಿದ್ದನು. ತರೀಕೆರೆಯ ಪಾಳೆಯಗಾರರೂ ಬಂದು ಸೇರಿದರು. 1831ರ ಜೂನಿನಲ್ಲಿ ಕಂಪನಿಯ ಸೈನ್ಯವು ನಗರವನ್ನು ಹಿಡಿದಾಗ ಬಲಿಯಾದದ್ದು ರೈತರ ಆಸೆಯೊಂದೇ ಅಲ್ಲ. ಅದನ್ನೇ ನೆಪಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕನು ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾರಾಜರಿಂದ ಆಡಳಿತವನ್ನೇ ತೆಗೆದುಕೊಂಡನು, ಅದು ಒಡೆಯರಿಗೆ ಮರಳಿದುದು 1881ರಲ್ಲಿ. ಬಲಂ ಸೀಮೆಯಲ್ಲಿ ನಿಜವಾದ ನಾಯಕನಿದ್ದನು, ಜನರೆಲ್ಲರದೂ ಎನ್ನಬಹುದಾದ ಕಾರಣವಿರಲಿಲ್ಲ. ನಗರದಲ್ಲಿ ಜನರೆಲ್ಲರ ಕಾರಣವಿದ್ದಿತು, ನಿಜವಾದ ನಾಯಕನಿರಲಿಲ್ಲ.

ಇತ್ತೀಚೆಗೆ ಹಳೆಯ ಪಾಳೆಯಗಾರರನ್ನೆಲ್ಲ ಸ್ವಾತಂತ್ರ್ಯ ಯೋಧರೆಂದು ಒಂದೇ ಮಾತಿನಲ್ಲಿ ಕೊಂಡಾಡುವ ರೂಢಿಯು ಬೆಳೆದಿದೆ. ಬಲಂ ನಾಯಕನ ವಿಷಯದಲ್ಲಿ ಆ ಬಿರುದು ಸತ್ಯಕ್ಕೆ ನಿಲ್ಲದು. ಅವನು ಬಯಸಿದುದು ಭರತಖಂಡದ ಬಿಡುಗಡೆಯನ್ನಲ್ಲ, ತನ್ನ ಆರು ನಾಡುಗಳನ್ನು. ಅವನ ಖಡ್ಗವು ಕಂಪನಿಯ ಮೇಲೆ ಎದ್ದಂತೆಯೇ ಒಡೆಯರ ಅಮಲ್ದಾರನ ಮೇಲೆಯೂ ಎದ್ದಿತು. ಅವನನ್ನು ಸೆರೆಹಿಡಿದವರು ಕನ್ನಡ ನಾಡಿನ ಸವಾರರೇ. ಹಾಗೆಂದು, ವೆಲ್ಲೆಸ್ಲಿಯ ಪತ್ರಗಳನ್ನು ನಂಬಿ ಅವನನ್ನು ಶಿಕ್ಷಾರ್ಹನಾದ ಕಿಡಿಗೇಡಿಯೆಂದು ಬಿಟ್ಟುಬಿಡುವುದು ಇನ್ನೂ ದೊಡ್ಡ ಅನ್ಯಾಯ. ಯಾವ ನ್ಯಾಯದಿಂದ ಮೈಸೂರಿಗೆ ಸಿಂಹಾಸನವು ಮರಳಿತೋ ಅದೇ ನ್ಯಾಯವನ್ನು ಅವನು ಕೇಳಿದನು, ಕೊಡಲಿಲ್ಲವಾಗಿ ಕಾದಿದನು, ಎರಡು ವರ್ಷಗಳ ಕಾಲ ಆ ಯುಗದ ಅತ್ಯಂತ ಸಮರ್ಥ ಸೇನಾಪತಿಗೆ ಸೋಲದೆ ನಿಂತನು. 1802ರಲ್ಲಿ ಕಾಡು ಸೀಳಿದ ಮೇಲೆ ಮಲೆಯ ಬಾಗಿಲು ತೆರೆದುಹೋಯಿತು. ಆ ಶತಮಾನದ ನಡುವಿನಲ್ಲಿ ರಾಬರ್ಟ್ ಎಲಿಯಟ್ಟನಂಥ ಐರೋಪ್ಯರು ಮಂಜರಾಬಾದಿಗೆ ಬಂದು ಕಾಫಿ ತೋಟಗಳನ್ನು ಹಾಕಿದರು. ಇಂದಿನ ಸಕಲೇಶಪುರದ ಸಿರಿಯ ಬೇರಿನಲ್ಲಿ ಆ ಸೋಲಿನ ಪಾಲೂ ಇದೆ.

ಬೇಲೂರಿನ ದೇವಾಲಯದ ಆವರಣದಲ್ಲಿ ಹೊಯ್ಸಳರ ವಿವರವನ್ನು ಕೊಡುವ ಫಲಕಗಳ ಜೊತೆಗೆ ಬೇಲೂರು ನಾಯಕರ ಕುರಿತು ಒಂದು ಫಲಕವನ್ನೂ, ಮಂಜರಾಬಾದು ಕೋಟೆಯ ಮೆಟ್ಟಿಲ ಬಳಿ 1800ರಿಂದ 1802ರವರೆಗಿನ ಕದನದ ಸಂಕ್ಷಿಪ್ತ ವೃತ್ತಾಂತವನ್ನೂ ಹಾಕಿಸುವುದು ಪುರಾತತ್ತ್ವ ಇಲಾಖೆಗಾಗಲಿ ಹಾಸನದ ಜಿಲ್ಲಾಡಳಿತಕ್ಕಾಗಲಿ ಹೆಚ್ಚಿನ ವೆಚ್ಚದ ಕೆಲಸವೇನಲ್ಲ. ಶಾಸನತಜ್ಞರಾದ ರೈಸರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ಮನೆತನದ ಶಾಸನಗಳಿವೆ. ವೆಲ್ಲೆಸ್ಲಿಯ ಪತ್ರಗಳೂ ಅಚ್ಚಾಗಿವೆ. ಆ ಪತ್ರಗಳಲ್ಲಿ ಬಲಂ ಸೀಮೆಗೆ ಸಂಬಂಧಿಸಿದ ಭಾಗವನ್ನಷ್ಟು ಆಯ್ದು ಕನ್ನಡಕ್ಕೆ ತಂದು, ಶಾಸನಗಳೊಡನೆ ಹೋಲಿಸಿ, ಒಂದು ಚಿಕ್ಕ ಹೊತ್ತಗೆಯನ್ನಾಗಿ ಮಾಡುವ ಭಾರವನ್ನು ಬೇಲೂರು, ಅರಸೀಕೆರೆ, ಸಕಲೇಶಪುರಗಳ ಕಾಲೇಜುಗಳ ಚರಿತ್ರೆಯ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ವಹಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.